ಹೀರೋ ಹೊಟ್ಟೆಗೆ ಜೀನಸಿನ ಚೀಟಿ!

ಚಿತ್ರರಸಿಕ ಮಿತ್ರರೇ, ಈ ವಾರ ಗಾಸಿಪ್ ಇಲ್ಲ. ಯಾರ ಕಾಲ್‌ಶೀಟೂ ಎಡವಟ್ಟಾಗಿಲ್ಲ, ಯಾರ ಪ್ರೇಮವೂ ಮುರಿದು ಬಿದ್ದಿಲ್ಲ. ಈ ವಾರ ನಿಮ್ಮನ್ನೆಲ್ಲ ಜೀನಸು ಅಂಗಡಿಗೆ ಕರಕೊಂಡು ಹೋಗ್ತೇನೆ. ಪುಟ ತಿರುಗಿಸಬೇಡಿ ಸ್ವಾಮಿ, ವಿಷಯ ಹೀರೋಗಳದ್ದೇ!

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ಎಂದೂ ತಪ್ಪುವುದಿಲ್ಲ. 'ನಮ್ಮ ಹೀರೋ ತರಹ ಬಾಡಿ ಮಾಡುವುದು ಹೇಗೆ? ಯಾವ ಪೌಡರ್ ತಗೊಳ್ಳಬೇಕು? ಎಷ್ಟು ತಿಂಗಳು ಬೇಕು?' ಪತ್ರದ ಕೊನೆಗೆ ತೂಕ ಬರೆದಿರುತ್ತಾರೆ. ಕೆಲವರದ್ದು 50, ಕೆಲವರದ್ದು 95. ಐವತ್ತರವರಿಗೂ ತೊಂಬತ್ತೈದರವರಿಗೂ ಬೇಕಾಗಿರುವುದು ಅದೇ ಆರು ಗಂಟಿನ ಹೊಟ್ಟೆ!

ಮೊದಲು ಆ ಹೊಟ್ಟೆಯ ಗುಟ್ಟು ಕೇಳಿ. ಸಿನಿಮಾದ ಮೈಕಟ್ಟು ಅನ್ನುವುದು ಸೆಟ್ಟಿನ ಅರಮನೆಯ ಹಾಗೆ. ಸುಳ್ಳಲ್ಲ, ಆದರೆ ವಾಸಕ್ಕಲ್ಲ. 'ದಂಗಲ್' (2016) ಚಿತ್ರಕ್ಕೆ ಆಮಿರ್ ಖಾನ್ ಸುಮಾರು 97 ಕಿಲೋ ತೂಗುವಷ್ಟು ದಪ್ಪಗಾಗಿ ಅಪ್ಪನ ಪಾತ್ರವನ್ನು ಮೊದಲು ಮುಗಿಸಿದರು. ಆಮೇಲೆ ತಿಂಗಳುಗಟ್ಟಲೆ ಬೆವರಿಳಿಸಿ ಯೌವನದ ಪೈಲ್ವಾನನ ದೃಶ್ಯಗಳಿಗೆ ಬಂದರು. ನಮ್ಮ ಕಿಚ್ಚ ಸುದೀಪ್ 'ಪೈಲ್ವಾನ್' (2019) ಚಿತ್ರಕ್ಕಾಗಿ ಅಖಾಡದ ಮೈ ಮಾಡಿಕೊಂಡರು. ಇವರಿಗೆ ಅದೇ ಕೆಲಸ, ಅದಕ್ಕೇ ಸಂಬಳ. ತರಬೇತಿಗೆ ಒಬ್ಬ, ಅಡಿಗೆಗೆ ಒಬ್ಬ, ಬೆಳಕು ಬಿಡೋದಕ್ಕೆ ಇನ್ನೊಬ್ಬ. ನಿಮಗೂ ನನಗೂ ಇರುವುದು ಮನೆಯಲ್ಲಿ ಅಮ್ಮ, ಪೇಟೆಯಲ್ಲಿ ಅಂಗಡಿ ಮಾಮ. ಹಾಗಾಗಿ ನಮ್ಮ ದಾರಿ ಬೇರೆ.

ಈ ದಾರಿಯ ಯೋಚನೆ ನನಗೆ ಬಂದದ್ದು ವೇಣೂರಿನಲ್ಲಿ. ಮೂಡುಬಿದಿರೆಯಿಂದ ಬೆಳ್ತಂಗಡಿ ಕಡೆಗೆ ಹೋಗುವ ಬಸ್ಸು ಹತ್ತಿದರೆ ನಡುವೆ ಸಿಗುವ ಊರು. ಫಲ್ಗುಣಿ ನದಿಯ ದಡ. 1604ರಲ್ಲಿ ಅರಸ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿ ಇಲ್ಲಿದ್ದಾನೆ. ಹೆಸರೇ ಬಾಹುಬಲಿ ಎಂದ ಮೇಲೆ ನಮ್ಮ ಹುಡುಗರು ಒಮ್ಮೆ ಹೋಗಿ ಸರಿಯಾಗಿ ನೋಡಬೇಕು. ಎಂಥ ಭುಜ! ಎಂಥ ನಿಲುವು! ಆದರೆ ಹೊಟ್ಟೆಯ ಮೇಲೆ ಆರು ಗಂಟು ಹುಡುಕಿದರೆ ಸಿಗುವುದಿಲ್ಲ. ಒಂದು ವರ್ಷ ಅನ್ನ ನೀರು ಬಿಟ್ಟು ನಿಂತು, ಕಾಲಿಗೆ ಬಳ್ಳಿ ಹಬ್ಬಿದವನ ಕತೆ ಅದು. ಆದರೂ ಶಿಲ್ಪಿ ಪಕ್ಕೆಲುಬು ಎಣಿಸುವ ಹಾಗೆ ಕೆತ್ತಲಿಲ್ಲ, ತುಂಬಿದ ಮೈಯನ್ನೇ ಕೆತ್ತಿದ. 2024ರ ಫೆಬ್ರವರಿ-ಮಾರ್ಚ್‌ನಲ್ಲಿ ನಡೆದ ಮಹಾಮಸ್ತಕಾಭಿಷೇಕದಲ್ಲಿ ಹಾಲು, ಎಳನೀರು, ಕಬ್ಬಿನ ಹಾಲು ಎಲ್ಲ ಕೊಡ ಕೊಡವಾಗಿ ಇಳಿಯಿತು. ಎಲ್ಲವೂ ಮೈಮೇಲೆ! ನಮ್ಮದು ಹಾಗಲ್ಲವಲ್ಲ, ನಾವು ಹೊಟ್ಟೆಯೊಳಗೆ ಅಭಿಷೇಕ ಮಾಡಿಕೊಳ್ಳುವವರು.

ವೇಣೂರಿನಲ್ಲಿ ಆಟೋ ಓಡಿಸುವ ಹುಡುಗನೊಬ್ಬ ನನಗೆ ಪರಿಚಯ. ಹೆಸರು ಬೇಡ, ಬಾಡಿಗೆಗೆ ತೊಂದರೆಯಾದೀತು. ವಯಸ್ಸು 24. ಅಪ್ಪು ಅಂದರೆ ಪ್ರಾಣ. ಆಟೋದ ಹಿಂದೆ ಅವರ ನಗುವ ಚಿತ್ರ. ತೂಕ 92, ಸೊಂಟ 40 ಇಂಚು. ತಂದೆಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಒಣಗದೆ ಎರಡು ಬೆರಳು ಹೋಗಿದೆ. ತಂದೆಯನ್ನು ಡಾಕ್ಟರ ಹತ್ತಿರ ಕರಕೊಂಡು ಹೋದಾಗ ಅವರು ಮಗನನ್ನೂ ತಕ್ಕಡಿ ಹತ್ತಿಸಿದರು, ರಕ್ತ ನೋಡಿದರು, ಗಡಿಯ ಹತ್ತಿರ ಇದ್ದೀಯಪ್ಪ ಅಂದರು. ಒಂದು ಚೀಟಿಯಲ್ಲಿ 'ದಿನಕ್ಕೆ 1600 ಕ್ಯಾಲೊರಿ' ಎಂದು ಬರೆದು ಕೈಗಿಟ್ಟರು. ಹುಡುಗ ಆ ಚೀಟಿ ಹಿಡಿದು ನನ್ನ ಹತ್ತಿರ ಬಂದ.

"ಅಣ್ಣ, ನೀವು ಬರಿಯುವವರಲ್ವಾ, ಇದೆಂಥದ್ದು ಹೇಳಿ. ಈ 1600 ಯಾವ ಅಂಗಡಿಯಲ್ಲಿ ಸಿಗ್ತದೆ?"

ನಗಬೇಡಿ. ಬಹಳ ದೊಡ್ಡ ಪ್ರಶ್ನೆ ಅದು. ಅವನ ಇನ್ನೊಂದು ಕಿಸೆಯಲ್ಲಿ ಇನ್ನೊಂದು ಚೀಟಿ ಇತ್ತು. ಜಿಮ್ಮಿನ ಗೆಳೆಯನೊಬ್ಬ ಬರೆದು ಕೊಟ್ಟ ಪೌಡರ್ ಡಬ್ಬಿಯ ಹೆಸರು, ಬೆಲೆ ಮೂರು ಸಾವಿರದ ಹತ್ತಿರ. ಆಟೋದ ಸಾಲದ ಕಂತಿನಿಂದ ತೆಗೆದು ಕೊಡಲು ತಯಾರಾಗಿದ್ದ!

ಕ್ಯಾಲೊರಿ ಅಂದರೆ ಪದಾರ್ಥವಲ್ಲ, ಅಳತೆ. ದೂರಕ್ಕೆ ಮೈಲಿ ಹೇಗೋ ಊಟದ ಶಕ್ತಿಗೆ ಕ್ಯಾಲೊರಿ ಹಾಗೆ. ಇದನ್ನು ಮನೆಮಾತು ಮಾಡಿದವರು ಅಮೆರಿಕದ ಲೂಲು ಹಂಟ್ ಪೀಟರ್ಸ್ ಎಂಬ ಡಾಕ್ಟರಮ್ಮ. 1918ರಲ್ಲಿ ಪುಸ್ತಕ ಬರೆದು, ಇಷ್ಟು ತುಂಡು ರೊಟ್ಟಿ ಅನ್ನಬೇಡಿ, ಇಷ್ಟು ಕ್ಯಾಲೊರಿ ರೊಟ್ಟಿ ಅನ್ನಿ ಎಂದು ಹೆಂಗಸರಿಗೆ ಪಾಠ ಹೇಳಿದರು. ಸ್ವತಃ ದಪ್ಪಗಿದ್ದು ಇಳಿದವರು. ಅದೇ 1918ರಲ್ಲಿ ನಮ್ಮ ಕೂನೂರಿನಲ್ಲಿ ಮ್ಯಾಕ್‌ಕ್ಯಾರಿಸನ್ ಎಂಬ ಡಾಕ್ಟರು ಒಂದು ಕೋಣೆಯಲ್ಲಿ ಆಹಾರದ ಸಂಶೋಧನೆ ಶುರು ಮಾಡಿದರು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ನಮ್ಮ ಅಕ್ಕಿ, ಬೇಳೆ, ಬಸಳೆ, ಬಂಗುಡೆಯ ಲೆಕ್ಕಗಳೆಲ್ಲ ಅಲ್ಲಿಂದ ಬಂದವು. ಇತಿಹಾಸ ಸಾಕು, ಬಾಯಿಪಾಠ ಮಾಡಬೇಕಾದ್ದು ಎರಡೇ ಸಂಖ್ಯೆ. ಅಕ್ಕಿ, ಸಕ್ಕರೆಯ ಪಿಷ್ಟ ಮತ್ತು ಬೇಳೆ, ಮೀನಿನ ಪ್ರೋಟೀನು ಗ್ರಾಮಿಗೆ 4 ಕ್ಯಾಲೊರಿ. ಎಣ್ಣೆ, ತುಪ್ಪ, ಕೊಬ್ಬು ಗ್ರಾಮಿಗೆ 9. ಅಷ್ಟೇ!

ನಾನು ಹುಡುಗನಿಗೆ ಹೇಳಿದೆ: "ಆ ಎರಡೂ ಚೀಟಿ ಪಕ್ಕಕ್ಕಿಡು. ಮನೆಗೆ ಹೋಗಿ ಮೂರನೇ ಚೀಟಿ ತಾ. ಅಮ್ಮ ತಿಂಗಳ ಸಾಮಾನಿಗೆ ಬರೆದುಕೊಡ್ತಾರಲ್ಲ, ಅದು."

ತಂದ. ಮನೆಯಲ್ಲಿ ನಾಲ್ಕು ಜನ. ಅಪ್ಪ, ಅಮ್ಮ, ಇವನು, ಕಾಲೇಜಿಗೆ ಹೋಗುವ ತಂಗಿ. ಚೀಟಿಯಲ್ಲಿ ಎಣ್ಣೆ 5 ಲೀಟರ್, ಸಕ್ಕರೆ 6 ಕಿಲೋ. ಮಿತ್ರರೇ, ಇಲ್ಲೇ ನಿಂತು ಲೆಕ್ಕ ಹಾಕೋಣ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಅಂದರೆ 8200 ಕ್ಯಾಲೊರಿ. ಐದು ಲೀಟರಿಗೆ 41,000. ನಾಲ್ಕು ಜನ, ಮೂವತ್ತು ದಿನ, ಅಂದರೆ 120 ಪಾಲು. ತಲೆಗೆ ದಿನಕ್ಕೆ 340! ಸಕ್ಕರೆ ಕಿಲೋಗೆ 4000, ಆರು ಕಿಲೋಗೆ 24,000, ಪಾಲಿಗೆ 200. ಎರಡೂ ಸೇರಿ ಒಬ್ಬೊಬ್ಬರ ಹೊಟ್ಟೆಗೆ ದಿನಕ್ಕೆ 540 ಕ್ಯಾಲೊರಿ. ಇದು ತಟ್ಟೆಯಲ್ಲಿ ಕಣ್ಣಿಗೆ ಕಾಣುತ್ತದೆಯೇ? ಇಲ್ಲ. ಹೊಟ್ಟೆ ತುಂಬುತ್ತದೆಯೇ? ಅದೂ ಇಲ್ಲ. ಡಾಕ್ಟರು ಬರೆದ 1600ರಲ್ಲಿ ಮೂರನೇ ಒಂದು ಪಾಲು ಒಗ್ಗರಣೆಗೂ ಚಾಕ್ಕೂ ಹೋಯಿತು. ಅನ್ನ ಇನ್ನೂ ಬಡಿಸಿಯೇ ಇಲ್ಲ!

ಅದಕ್ಕೇ ಹೇಳುವುದು, ಊಟದ ಹೊತ್ತಿಗೆ ಲೆಕ್ಕ ಹಾಕಲು ಹೊರಟರೆ ಕೆಲಸ ಕೆಟ್ಟಿತು. ಅಮ್ಮ ಬಡಿಸಿದ್ದನ್ನು ಮಗ ತಟ್ಟೆಯಲ್ಲಿ ಬಿಟ್ಟೆದ್ದರೆ ಯಾವ ಮನೆಯಲ್ಲಿ ಶಾಂತಿ ಇರುತ್ತದೆ ಹೇಳಿ? ಇವನ ಮನೆಯಲ್ಲೂ ಎರಡು ದಿನ ಆದದ್ದು ಅದೇ. ಇವನು ಅರ್ಧ ಅನ್ನ ಬಿಟ್ಟ, ಅಮ್ಮ ಅಂದು ಊಟವನ್ನೇ ಮಾಡಲಿಲ್ಲ. ಮೂರನೇ ದಿನ ಇವನಿಗೇ ತಡೆಯಲಾಗದೆ ಸ್ಟ್ಯಾಂಡಿನ ಹತ್ತಿರ ನಾಲ್ಕು ಬನ್ಸ್ ತಿಂದ. ಒಬ್ಬನಿಗೇ ಬೇರೆ ಪಾತ್ರೆ ಇಟ್ಟು ಬೇಯಿಸುವ ಮನೆಗಳು ಹೀರೋಗಳದ್ದು. ನಮ್ಮಲ್ಲಿ ಒಂದೇ ಸಾರಿನ ಪಾತ್ರೆ. ಅದಕ್ಕೆ ಬೀಳುವ ಎಣ್ಣೆ ಕಡಿಮೆಯಾಗಬೇಕಾದರೆ ಅಂಗಡಿಯಿಂದಲೇ ಕಡಿಮೆ ಬರಬೇಕು. ಚೀಲದಲ್ಲಿ ಬಾರದ್ದು ಬಾಣಲೆಗೆ ಬೀಳುವುದು ಹೇಗೆ?

ಸರಿ, ನಡೆಯಿರಿ ಅಂಗಡಿಗೆ. ಒಂದು ಶರತ್ತು, ಊಟ ಮಾಡಿ ಹೋಗಬೇಕು. ಹಸಿದ ಹೊಟ್ಟೆಯಲ್ಲಿ ಹೋದವನ ಕಣ್ಣು ಬೇಳೆಯ ಮೂಟೆ ನೋಡುವುದಿಲ್ಲ, ನೇತುಹಾಕಿದ ಚಿಪ್ಸ್ ಮಾಲೆ ನೋಡುತ್ತದೆ.

"ಎಣ್ಣೆ ಎಷ್ಟು ಬರೀಲಿ?" ಅಂಗಡಿ ಮಾಮ ಕೇಳಿದರು.

"ಎರಡು ಲೀಟರ್ ಸಾಕು ಮಾಮ."

"ಎಂಥ ಮಾರಾಯ, ಮನೆಯವರೆಲ್ಲ ಎಲ್ಲಿಗಾದ್ರೂ ಹೋಗಿದ್ದಾರಾ?"

ಎರಡು ಲೀಟರ್ ಹೇಗೆ ಬಂತು ಅಂತೀರಾ? ಒಬ್ಬರಿಗೆ ದಿನಕ್ಕೆ 15 ಗ್ರಾಂ, ಒಂದು ದೊಡ್ಡ ಚಮಚ. ನಾಲ್ಕು ಜನಕ್ಕೆ ತಿಂಗಳಿಗೆ 1800 ಗ್ರಾಂ, ಎರಡು ಲೀಟರಿಗೆ ಸರಿ. ಇದನ್ನು ಅರ್ಧ ಅರ್ಧ ಲೀಟರಿನ ನಾಲ್ಕು ಬಾಟಲಿಗೆ ಸುರಿದು, ವಾರಕ್ಕೊಂದು ಒಲೆಯ ಪಕ್ಕ ಇಡುವುದು. ವಾರ ಮುಗಿಯದೆ ಎರಡನೆಯದಕ್ಕೆ ಕೈ ಹಾಕುವ ಹಾಗಿಲ್ಲ. ಒಂದು ಎಚ್ಚರ: ಎಣ್ಣೆ ಪ್ಯಾಕೆಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಕೊಲೆಸ್ಟ್ರಾಲ್ ಇಲ್ಲ' ಎಂದಿರುತ್ತದೆ. ಸಸ್ಯದ ಎಣ್ಣೆಯಲ್ಲಿ ಅದು ಎಂದಾದರೂ ಇತ್ತೇ? 'ನಮ್ಮ ಚಿತ್ರದಲ್ಲಿ ಡೈನೋಸಾರ್ ಇಲ್ಲ' ಎಂದು ಜಾಹೀರಾತು ಕೊಟ್ಟ ಹಾಗೆ! ತೆಂಗಿನೆಣ್ಣೆಯಾಗಲಿ, ಸೂರ್ಯಕಾಂತಿಯಾಗಲಿ, ಮನೆಯ ತುಪ್ಪವಾಗಲಿ, ಕ್ಯಾಲೊರಿ ಲೆಕ್ಕಕ್ಕೆ ಎಲ್ಲರೂ ಒಂದೇ ಜಾತಿ. ಗ್ರಾಮಿಗೆ 9.

ಸಕ್ಕರೆ ಆರರಿಂದ ಎರಡು ಕಿಲೋಗೆ ಇಳಿಯಿತು. ನೆಂಟರ ಚಾಕ್ಕೆ ಬೇಕಲ್ಲ, ಪೂರ್ತಿ ತೆಗೆದರೆ ಮರ್ಯಾದೆ ಪ್ರಶ್ನೆ. "ಹಾಗಾದ್ರೆ ಬೆಲ್ಲ ಜಾಸ್ತಿ ಕೊಡ್ತೇನೆ, ಅದು ಒಳ್ಳೆದು," ಅಂದರು ಮಾಮ. ಇಲ್ಲಿ ಸ್ವಲ್ಪ ತಡೆಯಿರಿ. ಸಕ್ಕರೆ 100 ಗ್ರಾಮಿಗೆ 400 ಆದರೆ ಬೆಲ್ಲ 380ರ ಆಸುಪಾಸು. ರುಚಿಗೆ ಬೆಲ್ಲ ತಿನ್ನಿ, ತೂಕ ಇಳಿಸಲು ಬೆಲ್ಲ ತಿನ್ನುತ್ತೇನೆ ಅನ್ನಬೇಡಿ. ಜೇನುತುಪ್ಪವನ್ನು ಬಿಸಿನೀರಿಗೆ ಹಾಕಿ ಕುಡಿದು ಕರಗುತ್ತೇನೆ ಅನ್ನುವವರಿಗೂ ಇದೇ ಮಾತು.

ಎಣ್ಣೆ ಸಕ್ಕರೆ ಎರಡರಿಂದಲೇ ಆ ಮನೆಯ ಒಬ್ಬೊಬ್ಬರಿಗೆ ದಿನಕ್ಕೆ 330ಕ್ಕೂ ಹೆಚ್ಚು ಕ್ಯಾಲೊರಿ ಉಳಿಯಿತು. ಒಂದು ತುತ್ತು ಅನ್ನವೂ ಕಡಿಮೆಯಾಗಲಿಲ್ಲ, ಯಾರೂ ಉಪವಾಸ ಬೀಳಲಿಲ್ಲ. ದುಡ್ಡೂ ಉಳಿಯಿತು. ಅದರಲ್ಲಿ ಏನು ತಂದರು ಎಂದು ಮುಂದೆ ಹೇಳುತ್ತೇನೆ.

ಇನ್ನು ಅಕ್ಕಿ. ನಮ್ಮ ಕರಾವಳಿಯವರ ಜೀವ! ಜಿಮ್ಮಿನ ಗೆಳೆಯ 'ಅನ್ನ ಬಿಡು' ಅಂದಿದ್ದನಂತೆ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವನಿಗೆ ಅನ್ನ ಬಿಡು ಅಂದರೆ ಅಪ್ಪು ಚಿತ್ರ ನೋಡಬೇಡ ಅಂದ ಹಾಗೆ, ನಡೆಯುವ ಮಾತಲ್ಲ. ಹಾಗೆಯೇ ಇನ್ನೊಂದು ಭ್ರಮೆ, ಕುಚ್ಚಲಕ್ಕಿಗೆ ಕ್ಯಾಲೊರಿ ಕಡಿಮೆ ಎನ್ನುವುದು. ಇಲ್ಲ. ಬೆಳ್ತಿಗೆಯಾಗಲಿ ಕುಚ್ಚಲಾಗಲಿ ಹಸಿ ಅಕ್ಕಿ 100 ಗ್ರಾಮಿಗೆ 350ರ ಸುತ್ತಮುತ್ತ. ರಾಗಿ, ಗೋಧಿ, ಅವಲಕ್ಕಿಯೂ ಅದರ ನೆರೆಹೊರೆಯವೇ. ತವುಡು ಉಳಿದ ಕೆಂಪು ಕುಚ್ಚಲಕ್ಕಿಯಲ್ಲಿ ನಾರು ಹೆಚ್ಚು, ಜಗಿಯಬೇಕು, ಹೊಟ್ಟೆ ಬೇಗ ತುಂಬಿದ ಹಾಗೆ ಆಗುತ್ತದೆ. ಅದರ ಲಾಭ ಅದು. ಅಳತೆ ಮಾತ್ರ ಎಲ್ಲಕ್ಕೂ ಬೇಕು.

ಅಳೆಯುವುದು ಹೇಗೆ? ತಕ್ಕಡಿ ಯಾರ ಮನೆಯಲ್ಲಿದೆ? ನಾವು ಮಾಡಿದ ಉಪಾಯ ಇದು. ಮನೆಯಿಂದ ಒಂದು ಸ್ಟೀಲ್ ಲೋಟ ತಂದೆವು. ಮಾಮನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 180 ಗ್ರಾಂ ಅಕ್ಕಿ ತೂಗಿಸಿ, ಲೋಟಕ್ಕೆ ಹಾಕಿ, ಎಲ್ಲಿಗೆ ನಿಂತಿತೋ ಅಲ್ಲಿ ಮೊಳೆಯಿಂದ ಗೀರು. ಅದು ಇವನ ಒಂದು ದಿನದ ಅಕ್ಕಿ, ದೋಸೆಗೆ ನೆನೆಸಿದ್ದೂ ಸೇರಿ. ಮಾಮ ನಕ್ಕರು, ಆದರೆ ಮೂರು ಸಲ ತೂಗಿ ಕೊಟ್ಟರು. ಒಳ್ಳೆಯ ಮನುಷ್ಯ.

ಹುಡುಗನ 1600ರ ಪೂರ್ತಿ ಲೆಕ್ಕ ಕೇಳಿ. ಅಕ್ಕಿ 180 ಗ್ರಾಂ, 630 ಕ್ಯಾಲೊರಿ. ಬೇಳೆ-ಕಾಳು 75 ಗ್ರಾಂ, 255. ಟೋನ್ಡ್ ಹಾಲು ಅಥವಾ ಅದರ ಮೊಸರು 300 ಮಿ.ಲೀ., 180. ಎಣ್ಣೆ 15 ಗ್ರಾಂ, 135. ತೆಂಗಿನತುರಿ 30 ಗ್ರಾಂ, 105. ತರಕಾರಿ-ಸೊಪ್ಪು 400 ಗ್ರಾಂ, 110ರ ಹತ್ತಿರ. ಒಂದು ಬಾಳೆಹಣ್ಣು 90, ಒಂದು ಮೊಟ್ಟೆ 70, ಚಾಕ್ಕೆ ಒಂದೇ ಚಮಚ ಸಕ್ಕರೆ 20. ಕೂಡಿಸಿ ನೋಡಿ, 1595! ಇನ್ನೈದು ಕ್ಯಾಲೊರಿ ಉಪ್ಪಿನಕಾಯಿಗೆ ಇರಲಿ.

ಈಗ ಮೂವತ್ತರಿಂದ ಗುಣಿಸಿ. ತಿಂಗಳಿಗೆ ಇವನೊಬ್ಬನ ಚೀಟಿ: ಅಕ್ಕಿ 5 ಕಿಲೋ 400 ಗ್ರಾಂ, ಬೇಳೆ-ಕಾಳು ಎರಡೂಕಾಲು ಕಿಲೋ, ಹಾಲು 9 ಲೀಟರ್, ಎಣ್ಣೆ ಅರ್ಧ ಲೀಟರ್, ತರಕಾರಿ 12 ಕಿಲೋ, ಮೊಟ್ಟೆ 30, ತೆಂಗಿನಕಾಯಿ ಮೂರು, ಹೆಚ್ಚೆಂದರೆ ನಾಲ್ಕು. ಮನೆ ಹಿಂದೆ ಮರ ಇದೆಯೆಂದು ದಿನಕ್ಕೊಂದು ಕಾಯಿ ಒಡೆಯುವ ನಮ್ಮ ಕಡೆಯ ಅಡಿಗೆಮನೆಗೆ ಇದೇ ದೊಡ್ಡ ಕ್ರಾಂತಿ! ಪುಕ್ಕಟೆ ಕಾಯಿಗೂ ಕ್ಯಾಲೊರಿ ಇರುತ್ತದೆ, 100 ಗ್ರಾಂ ತುರಿಗೆ 350.

ಇದು ಅವನ ಡಾಕ್ಟರು ಅವನಿಗೆ ಕೊಟ್ಟ ಸಂಖ್ಯೆ, ನೆನಪಿಡಿ. ಕಲ್ಲು ಹೊರುವವನಿಗೆ, ಗದ್ದೆಯಲ್ಲಿ ದುಡಿಯುವವನಿಗೆ ಇದು ಸಾಲದು. ಹದಿನೆಂಟು ತುಂಬದ ತಮ್ಮಂದಿರು ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಬೇಡಿ, ನೀವಿನ್ನೂ ಬೆಳೆಯುವವರು. ಐವತ್ತು ಕಿಲೋದ ತಮ್ಮಂದಿರಿಗೆ ಇಳಿಸುವ ಚೀಟಿಯೇ ಬೇಡ. ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ, ಊಟ ಕಡಿಮೆ ಮಾಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಔಷಧಿ ಅಷ್ಟೇ ಇದ್ದು ಊಟ ಇಳಿದರೆ ರಕ್ತದ ಸಕ್ಕರೆ ತೀರಾ ಕುಸಿಯಬಹುದು. ಇವನ ತಂದೆಯ ಮಾತ್ರೆಯನ್ನು ಡಾಕ್ಟರು ಅದೇ ಕಾರಣಕ್ಕೆ ಮತ್ತೆ ನೋಡಿ ಬದಲಿಸಿದರು.

ಸರ್ಕಾರದ ಲೆಕ್ಕವೂ ಒಂದಿದೆ. ಹೈದರಾಬಾದಿನ ಆ ಸಂಸ್ಥೆ ಆರೋಗ್ಯವಂತನ 2000 ಕ್ಯಾಲೊರಿ ತಟ್ಟೆಗೆ ಧಾನ್ಯ 250 ಗ್ರಾಂ, ಬೇಳೆ ಅಥವಾ ಮೊಟ್ಟೆ-ಮಾಂಸ 85, ತರಕಾರಿ 400, ಹಣ್ಣು 100, ಬೀಜಗಳು 35, ಎಣ್ಣೆ-ಕೊಬ್ಬು 27 ಗ್ರಾಂ, ಹಾಲು-ಮೊಸರು 300 ಮಿ.ಲೀ. ಎಂದು ಹೇಳಿದೆ. ಹೆಚ್ಚು ಓಡಾಟ ಇಲ್ಲದ ಗಂಡಸರು ಇದನ್ನು ಹಿಡಿದು ಚೀಟಿ ಬರೆಯಬಹುದು. ನೋಡಿ, ತರಕಾರಿ ಅನ್ನಕ್ಕಿಂತ ಹೆಚ್ಚು! ನಮ್ಮ ತಟ್ಟೆಯಲ್ಲಿ ಪಲ್ಯ ಮೂಲೆಯಲ್ಲಿ ಎಕ್ಸ್‌ಟ್ರಾ ನಟನ ಹಾಗೆ ನಿಂತಿರುತ್ತದೆ. ಅದಕ್ಕೆ ಬಡ್ತಿ ಕೊಡಬೇಕು. ತೊಂಡೆಕಾಯಿ, ಅಲಸಂಡೆ, ಹರಿವೆ, ಬಸಳೆ, ಮಂಗಳೂರು ಸೌತೆ, ಹೊಟ್ಟೆ ತುಂಬುವಷ್ಟು ತಿಂದರೂ ಲೆಕ್ಕ ನೂರರ ಸುತ್ತಲೇ ನಿಲ್ಲುತ್ತದೆ.

ಪೌಡರ್ ಡಬ್ಬಿಯ ವಿಷಯಕ್ಕೆ ಬರೋಣ. ಅದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸಲಹೆಯಲ್ಲಿ, ಮೈ ಬೆಳೆಸಲು ಪ್ರೋಟೀನ್ ಪುಡಿ ತಿನ್ನಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ಡಬ್ಬಿಯ ಒಂದು ಚಮಚೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಅನ್ನುತ್ತಾರೆ. ನಾಲ್ಕು ಮೊಟ್ಟೆಯಲ್ಲಿ ಅಷ್ಟೇ ಇದೆ. 100 ಗ್ರಾಂ ಹೆಸರುಕಾಳಿನಲ್ಲಿ, ಹುರುಳಿಯಲ್ಲಿ ಹತ್ತಿರ ಹತ್ತಿರ ಅಷ್ಟು. ಬಂಗುಡೆಯಲ್ಲಿ ಮುಳ್ಳು ಬಿಟ್ಟು 100 ಗ್ರಾಂ ತಿಂದರೆ 20ರ ಆಸುಪಾಸು. 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಬೇಕಾದದ್ದು 54 ಗ್ರಾಂ. ಮೇಲಿನ ಚೀಟಿಯಲ್ಲೇ 50ರ ಹತ್ತಿರ ಇದೆ, ಮೀನಿನ ದಿನ ಅದಕ್ಕೂ ಮೇಲೆ. ಎಣ್ಣೆ ಸಕ್ಕರೆಯಲ್ಲಿ ಉಳಿದ ದುಡ್ಡು ಹೋದದ್ದು ಇಲ್ಲಿಗೇ, ಹುರುಳಿಗೂ ಮೊಟ್ಟೆಗೂ ಮೀನಿಗೂ. ಡಬ್ಬಿಯ ಚೀಟಿ ಆಟೋದ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲಿಗೆ ಮಾಸಿತು.

ಮೀನು ಅಂದೆ, ಅದರಲ್ಲೊಂದು ಸೂಕ್ಷ್ಮ. ಬೆಳಿಗ್ಗೆ ಹಾರ್ನ್ ಹೊಡೆಯುತ್ತ ಬರುವ ಮೀನಿನವರ ಹತ್ತಿರ ತಾಜಾ ಬಂಗುಡೆ ಕೊಂಡದ್ದೇನೋ ಸರಿ. ರವೆ ಹೊರಳಿಸಿ ಕಾವಲಿ ತುಂಬ ಎಣ್ಣೆಯಲ್ಲಿ ಕರಿದರೆ ಮೀನು ಒಂದು ಪಾಲು, ಎಣ್ಣೆ ಒಂದು ಪಾಲು. ಪುಳಿಮುಂಚಿ ಮಾಡಿ! ಹುಳಿ, ಮೆಣಸು, ಶುಂಠಿ, ಎಣ್ಣೆ ನಾಮಕಾವಸ್ಥೆ. ಹುಡುಗನ ಅಮ್ಮನಿಗೆ ಇದನ್ನು ಹೇಳಿಕೊಡಬೇಕಾಗಿಯೇ ಬರಲಿಲ್ಲ. "ಅಷ್ಟೇ ಅಲ್ವಾ ಮಗ, ನನ್ನ ಅಮ್ಮ ದಿನಾ ಮಾಡ್ತಿದ್ದದ್ದು ಅದೇ. ಆಗ ಎಣ್ಣೆ ಎಲ್ಲಿತ್ತು?" ಅಂದರು. ಮಗನಿಗೂ ಗಂಡನಿಗೂ ಒಂದೇ ಅಡಿಗೆ ಆಗುತ್ತದೆ ಎಂದು ತಿಳಿದ ಮೇಲೆ ಚೀಟಿ ಬರೆಯುವ ಪೆನ್ನನ್ನು ಅವರೇ ಹಿಡಿದರು. ಮರುತಿಂಗಳು ಚೀಟಿಯಿಂದ ಹಪ್ಪಳ ಹೊಡೆದುಹಾಕಿದ್ದು ಅವರು, ನಾವಲ್ಲ.

ಬಣ್ಣದ ಪ್ಯಾಕೆಟ್‌ಗಳ ಮುಂದೆ ಮಾತ್ರ ಸಿ.ಐ.ಡಿ. ಆಗಬೇಕು. ಮುಖ ನೋಡಬೇಡಿ, ಬೆನ್ನು ನೋಡಿ. ಬೆನ್ನಿನ ಮೇಲೆ ಒಳಗಿರುವ ವಸ್ತುಗಳ ಪಟ್ಟಿ ಇರುತ್ತದೆ, ಯಾವುದು ಹೆಚ್ಚೋ ಅದು ಮೊದಲು ಎಂಬುದು ಕಾಯಿದೆ. ಮುಂದೆ ಧಾನ್ಯದ ತೆನೆ, ಓಡುವ ಹುಡುಗಿಯ ಚಿತ್ರ. ಹಿಂದೆ ಮೊದಲ ಹೆಸರು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ! ಪೋಸ್ಟರಿನಲ್ಲಿ ದೊಡ್ಡ ನಟ, ಚಿತ್ರದಲ್ಲಿ ಎರಡೇ ಸೀನು ಅನ್ನುವ ಹಾಗೆ. ಇನ್ನೊಂದು ಮೋಸ, 'ಒಂದು ಸರ್ವಿಂಗ್‌ಗೆ ಇಷ್ಟು ಕ್ಯಾಲೊರಿ' ಎಂದು ಸಣ್ಣ ಸಂಖ್ಯೆ. ಸರ್ವಿಂಗ್ ಅಂದರೆ ಎರಡು ಬಿಸ್ಕತ್ತು! ಎರಡೇ ಬಿಸ್ಕತ್ತು ತಿಂದು ಪ್ಯಾಕೆಟ್ ಮಡಚಿಟ್ಟ ಗಂಡಸನ್ನು ನಾನು ಇನ್ನೂ ನೋಡಿಲ್ಲ. 100 ಗ್ರಾಮಿನ ಸಾಲು ನೋಡಿ. ಬಿಸ್ಕತ್ತು 450ರಿಂದ 500, ಚಿಪ್ಸ್ 540ರ ಹತ್ತಿರ. ಹಾಲಿನ ಪ್ಯಾಕೆಟಿನಲ್ಲಿ ಕೊಬ್ಬಿನ ಸಂಖ್ಯೆ ಓದಿ. ಟೋನ್ಡ್ ಹಾಲಿನಲ್ಲಿ 3%, ಡಬಲ್ ಟೋನ್ಡ್‌ನಲ್ಲಿ 1.5%, ಫುಲ್ ಕ್ರೀಮ್‌ನಲ್ಲಿ 6%.

ಮೈಯ ಮಾತು ಬಂದಾಗ ಒಂದು ನೋವಿನ ದಿನ ನೆನಪಾಗದೆ ಇರುವುದಿಲ್ಲ. 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಹೋದಾಗ ವಯಸ್ಸು 46 ಮಾತ್ರ. ಕಸರತ್ತು ಮಾಡುತ್ತಿದ್ದ, ನಗುನಗುತ್ತ ಉಣ್ಣುತ್ತಿದ್ದ ಮನುಷ್ಯ. ಆಗ ಕಸರತ್ತೇ ಕೊಲ್ಲುತ್ತದೆ ಎಂದು ಎಷ್ಟೋ ಹುಡುಗರು ವ್ಯಾಯಾಮ ಬಿಟ್ಟರು, ಇನ್ನೆಷ್ಟೋ ಜನ ಎದೆ ತೋರಿಸಲು ಆಸ್ಪತ್ರೆಗಳಲ್ಲಿ ಸಾಲು ನಿಂತರು. ಬಿಟ್ಟವರದ್ದು ತಪ್ಪು ತಿಳುವಳಿಕೆ, ತೋರಿಸಿಕೊಂಡವರದ್ದು ಸರಿ. ಹೊರಗಿನ ಮೈಕಟ್ಟು ಒಳಗಿನ ಹೃದಯದ ಸರ್ಟಿಫಿಕೇಟ್ ಅಲ್ಲ. ಮರುವರ್ಷ, 2022ರ ಮೇ ತಿಂಗಳಲ್ಲಿ, 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡರು. ತೆಳ್ಳಗೆ ಕಾಣಬೇಕೆಂಬ ಒತ್ತಡ ನಮ್ಮ ಈ ಬಣ್ಣದ ಲೋಕದಲ್ಲಿ ಎಷ್ಟಿದೆಯೆಂದು ಬರೆಯುವ ನಮಗೆ ಗೊತ್ತು, ಹೊಟ್ಟೆ ಬಂತೆಂದು ಗೇಲಿ ಮಾಡುವ ಪುಟಗಳೂ ಗೊತ್ತು. ಆಟೋದ ಹುಡುಗ ಹೇಳಿದ ಮಾತು ನನಗೆ ಇಷ್ಟವಾಯಿತು: "ನಂಗೆ ಅಪ್ಪು ಬಾಡಿ ಬೇಡ ಅಣ್ಣ. ಅಪ್ಪನ ಕಾಲು ನಂಗೆ ಬಾರದಿದ್ರೆ ಸಾಕು."

ಹಾಗಾಗಿ ಕನ್ನಡಿಯ ಮುಂದೆ ಅಂಗಿ ಬಿಚ್ಚುವುದಕ್ಕಿಂತ ಸೊಂಟಕ್ಕೆ ಟೇಪ್ ಹಿಡಿಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು ದಾಟಿದರೆ ಎಚ್ಚರಿಕೆಯ ಗಂಟೆ. ದಿನಕ್ಕೆ 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕಿಲೋ ಇಳಿಯಬಹುದೆಂಬುದು ಒರಟು ಲೆಕ್ಕ, ಬರಬರುತ್ತ ಇನ್ನೂ ನಿಧಾನ. ವಾರಕ್ಕೆ ಐದು ಕಿಲೋ ಇಳಿಸುತ್ತೇವೆ ಎನ್ನುವ ಬೋರ್ಡ್ ಕಂಡರೆ ರಸ್ತೆಯ ಆಚೆ ಬದಿಯಲ್ಲಿ ನಡೆಯಿರಿ. ನಮ್ಮ ಹುಡುಗ ಮೂರು ತಿಂಗಳಲ್ಲಿ 92ರಿಂದ 87ಕ್ಕೆ ಬಂದ, ಸೊಂಟ 38. ನಡುವೆ ಎರಡು ಮದುವೆ, ಒಂದು ಕೋಲ, ಕೋರಿ ರೊಟ್ಟಿಯ ಸಮಾರಾಧನೆಗಳು. ಆ ವಾರಗಳಲ್ಲಿ ತಕ್ಕಡಿ ಮುಷ್ಕರ ಹೂಡಿತು. ಪರವಾಗಿಲ್ಲ, ಸೋಮವಾರ ಮತ್ತೆ ಲೋಟದ ಗೀರಿಗೆ ಬಂದ.

ದೇಹ ಬೇಕೆಂದರೆ ದುಡಿಸಬೇಕು, ಅದಕ್ಕೂ ಡಬ್ಬಿ ಬೇಕಿಲ್ಲ. ಅಣ್ಣಾವ್ರ ಯೋಗಾಸನಗಳನ್ನು 'ಕಾಮನಬಿಲ್ಲು' (1983) ಚಿತ್ರದಲ್ಲಿ ನೋಡಿ, ಐವತ್ತು ದಾಟಿದ ಮೈ ಅದು! 'ಕಾಂತಾರ' (2022) ನೋಡಿ ಶಿಳ್ಳೆ ಹೊಡೆದವರಿಗೆ ಕಂಬಳ ಗೊತ್ತು. ವೇಣೂರು-ಪೆರ್ಮುಡದಲ್ಲೂ ಜೋಡುಕರೆ ಕಂಬಳ ಇದೆ. ಕೋಣದ ಹಿಂದೆ ಓಡುವ ಹುಡುಗರ ಮೈ ನೋಡಿದರೆ ಜಿಮ್ಮಿನವರು ನಾಚಬೇಕು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶವೆಲ್ಲ ಸುದ್ದಿಯಾದ ಶ್ರೀನಿವಾಸ ಗೌಡ ನಮ್ಮ ಮೂಡುಬಿದಿರೆ ಕಡೆಯವರು, ಕಟ್ಟಡದ ಕೆಲಸ ಮಾಡಿಕೊಂಡಿದ್ದವರು.

ಕೊನೆಗೆ ಇಂಟರ್ವಲ್ ಬಗ್ಗೆ. ಅದಿಲ್ಲದೆ ನಮ್ಮ ಪತ್ರಿಕೆಯಲ್ಲಿ ಲೇಖನ ಮುಗಿಯುವುದುಂಟೇ? ಸಿನಿಮಾಕ್ಕೆ ಹೋಗುವ ದಿನ ಊಟ ಮುಗಿಸಿಯೇ ಹೋಗಿ. ಪೊಟ್ಟಣದಲ್ಲಿ ಹುರಿದ ನೆಲಗಡಲೆ ಐವತ್ತು ಗ್ರಾಂ ಅಂದರೆ 280, ಆದ್ದರಿಂದ ಗೆಳೆಯನ ಜತೆ ಪಾಲು ಮಾಡಿ. ಬಣ್ಣದ ತಂಪು ಪಾನೀಯ 250 ಮಿ.ಲೀ. ಕುಡಿದರೆ ಐದಾರು ಚಮಚ ಸಕ್ಕರೆ ಒಳಗೆ ಹೋಯಿತು, 110ರ ಹತ್ತಿರ. ಸಪ್ಪೆ ಸೋಡಾಕ್ಕೆ ನಿಂಬೆ ಹಿಂಡಿ ಚೂರು ಉಪ್ಪು ಹಾಕಿಸಿದರೆ ಹೆಚ್ಚೂಕಡಿಮೆ ಸೊನ್ನೆ. ಸೋಡಾದವನು ಕೇಳದೆಯೇ ಸಕ್ಕರೆ ಸುರಿಯುತ್ತಾನೆ, ಮೊದಲೇ ಹೇಳಬೇಕು.